ಅಮ್ಮನ ಕೈ ಅಳತೆಯ ನಾನ್‌ಕಟಾಯಿಯನ್ನು ಗ್ರಾಂ ಲೆಕ್ಕಕ್ಕೆ ತರೋದು ಹೇಗೆ? ಹಬ್ಬದ ಬಿಸ್ಕತ್ತು ಮಾಡುವವರು ದಯವಿಟ್ಟು ಹೇಳಿ

ಕಾವೇರಿತೀರ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ದೀಪಾವಳಿಗೆ ನಾನ್‌ಕಟಾಯಿ ಆಗಲೇಬೇಕು. ಅಜ್ಜಿ ಕಾಲದಿಂದ ಬಂದ ಪದ್ಧತಿ. ಅಜ್ಜಿಯ ನೋಟ್‌ಬುಕ್ ನಮ್ಮ ಹತ್ತಿರ ಇದೆ. ಅದರಲ್ಲಿ ಬರೆದಿರೋದು ಇಷ್ಟೇ: "ಮೈದಾ 2 ಪಾವು, ಸಕ್ಕರೆ ಪುಡಿ 1 ಪಾವು, ಕಡಲೆಹಿಟ್ಟು ಒಂದು ಹಿಡಿ, ತುಪ್ಪ ಹಿಡಿಯುವಷ್ಟು, ಸೋಡಾ ಚಿಟಿಕೆ, ಏಲಕ್ಕಿ." ಉರಿ ಎಷ್ಟು, ಎಷ್ಟು ಹೊತ್ತು ಅಂತ ಒಂದು ಸಾಲೂ ಇಲ್ಲ. ಅಮ್ಮನಿಗೆ ಅದರ ಅಗತ್ಯ ಬಿದ್ದಿಲ್ಲ, ಕೈಯಲ್ಲೇ ಗೊತ್ತು.

ಈಗ ಅಮ್ಮನಿಗೆ ಮಂಡಿ ನೋವು. ಜಾಸ್ತಿ ಹೊತ್ತು ನಿಲ್ಲೋಕೆ ಆಗಲ್ಲ. ಹಾಗಾಗಿ ನಾನೂ ತಂಗಿಯೂ ಈ ಸಲ ಪೂರ್ತಿ ಕಲಿತುಬಿಡೋಣ ಅಂತ ಇದ್ದೇವೆ. ನನ್ನ ಪ್ರಶ್ನೆ ಎರಡು.

ಒಂದು, "ಹಿಡಿಯುವಷ್ಟು ತುಪ್ಪ" ಅನ್ನೋದನ್ನು ಗ್ರಾಂಗೆ ತರೋದು ಹೇಗೆ? ಎರಡು, ಇದೇ ಅಳತೆ ದೀಪಾವಳಿಗೆ ಉಬ್ಬಿ, ಬಿರುಕು ಬಿಟ್ಟು ಚೆನ್ನಾಗಿ ಬರುತ್ತೆ. ಮಕ್ಕಳ ಬೇಸಿಗೆ ರಜೆಯಲ್ಲಿ ಮಾಡಿದರೆ ಟ್ರೇ ತುಂಬ ಹರಡಿ ಚಪ್ಪಟೆ ಆಗುತ್ತೆ. ಅಮ್ಮ "ಬೇಸಿಗೆ ತುಪ್ಪ ಹಾಗೇ" ಅಂತಾರೆ. ಯಾಕೆ ಹಾಗೆ ಅಂತ ಯಾರಾದರೂ ಬಿಡಿಸಿ ಹೇಳ್ತೀರಾ?

ನಿಮ್ಮ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಬಿಸ್ಕತ್ತು, ಕುಕ್ಕೀಸ್ ಯಾವುದಿದ್ದರೂ ಇಲ್ಲಿ ಬರೆಯಿರಿ. ಎಲ್ಲಾ ಒಂದೇ ಕಡೆ ಇದ್ದರೆ ಒಳ್ಳೆಯದು ಅಲ್ವಾ.

ಹಾಸನದ ಭಟ್ಟಿ

ನಮ್ಮದು ಬೇಕರಿ ಮನೆತನ. ಬೆಂಗಳೂರಲ್ಲಿ ಅಯ್ಯಂಗಾರ್ ಬೇಕರಿ ಇಟ್ಟವರಲ್ಲಿ ಬಹಳ ಜನ ನಮ್ಮ ಹಾಸನ ಕಡೆಯವರೇ. ನಿಮ್ಮ ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಬೇಸಿಗೆಯ ತುಪ್ಪವೇ ಕಾರಣ.

ನಾನ್‌ಕಟಾಯಿಗೆ ಬೇಕಾದ್ದು ಗಟ್ಟಿ ತುಪ್ಪ. ಗಟ್ಟಿ ತುಪ್ಪವನ್ನು ಸಕ್ಕರೆ ಪುಡಿ ಜೊತೆ ಅಂಗೈಯಲ್ಲಿ ತಿಕ್ಕಿದಾಗ ಅದರೊಳಗೆ ಗಾಳಿ ಸೇರುತ್ತೆ. ಬಣ್ಣ ಬೆಳ್ಳಗಾಗುತ್ತಾ ಬರೋದು ಅದಕ್ಕೇ. ಓವನ್‌ನಲ್ಲಿ ಆ ಗಾಳಿಯೇ ಹಿಗ್ಗಿ ಬಿಸ್ಕತ್ತು ಏಳುತ್ತೆ. ಸೋಡಾ ಬರೀ ಸಹಾಯಕ್ಕೆ. ಮನೆ ಒಳಗೆ 30 ಡಿಗ್ರಿ ದಾಟಿದರೆ ತುಪ್ಪ ಮೆತ್ತಗಾಗಿ ಎಣ್ಣೆ ಆಗುತ್ತಾ ಹೋಗುತ್ತೆ. ಎಣ್ಣೆಯಲ್ಲಿ ಗಾಳಿ ನಿಲ್ಲಲ್ಲ. ಮೇಲಾಗಿ ಕರಗಿದ ತುಪ್ಪ ಹಿಟ್ಟಿಗೆ ಬೇಗ ಇಳಿಯೋದರಿಂದ ಉಂಡೆ ಬೇಗ ಕಟ್ಟಿದ ಹಾಗೆ ಕಾಣುತ್ತೆ, ಓವನ್‌ಗೆ ಹೋದ ಕೂಡಲೇ ಹಿಟ್ಟು ಬೇಯುವ ಮೊದಲೇ ಹರಿದುಬಿಡುತ್ತೆ.

ಬೇಸಿಗೆಯಲ್ಲಿ ಹೀಗೆ ಮಾಡಿ. ತುಪ್ಪವನ್ನು ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿ, ಬೆರಳಿಟ್ಟರೆ ಗುಳಿ ಬೀಳುವಷ್ಟಕ್ಕೆ ಹೊರಗೆ ತೆಗೆದು ತಿಕ್ಕಿ. ಉಂಡೆ ಕಟ್ಟಿದ ಮೇಲೆ ಟ್ರೇ ಸಮೇತ ಅರ್ಧ ಗಂಟೆ ಫ್ರಿಜ್‌ಗೆ ಇಡಿ. ಅಲ್ಲಿಂದ ನೇರ ಕಾದ ಓವನ್‌ಗೆ. ಇಷ್ಟಕ್ಕೇ ಅರ್ಧ ಸಮಸ್ಯೆ ಹೋಗುತ್ತೆ.

ಇನ್ನೊಂದು ವಿಷಯ. ಮನೆಯಲ್ಲಿ ಕಾಯಿಸಿದ ತುಪ್ಪ ನಿಧಾನಕ್ಕೆ ಆರಿದರೆ ಹರಳು ಹರಳಾಗುತ್ತೆ. ತಿನ್ನೋಕೆ ಅದೇ ಚೆನ್ನ. ಆದರೆ ನಾನ್‌ಕಟಾಯಿಗೆ ಹರಳು ತುಪ್ಪ ಅಷ್ಟು ಹೊಂದಲ್ಲ, ತಿಕ್ಕಿದರೂ ಸಮ ಬರಲ್ಲ. ಸ್ವಲ್ಪ ಬೆಚ್ಚಗೆ ಕರಗಿಸಿ, ತಣ್ಣೀರ ಬಟ್ಟಲಲ್ಲಿಟ್ಟು ಚಮಚದಲ್ಲಿ ಬಿಡದೆ ಕಲಕುತ್ತಾ ಆರಿಸಿ. ನುಣ್ಣಗೆ ಕೂರುತ್ತೆ.

ಧಾರವಾಡದ ಅಕ್ಕ

ನಮ್ಮ ಕಡೆ ಮೊದಲು ಮನೆಯಲ್ಲಿ ಓವನ್ ಯಾರ ಹತ್ತಿರ ಇತ್ತು ಹೇಳ್ರಿ. ದೀಪಾವಳಿ ಮುಂದಿಟ್ಟುಕೊಂಡು ಮೈದಾ, ಸಕ್ಕರೆ, ಡಾಲ್ಡಾ, ಏಲಕ್ಕಿ ಎಲ್ಲಾ ಸ್ಟೀಲ್ ಡಬ್ಬಿಗೆ ತುಂಬಿ ಬೇಕರಿಗೆ ಕೊಡುತ್ತಿದ್ದರು. ಕಿಲೋಗೆ ಇಷ್ಟು ಅಂತ ಕೂಲಿ. ಸಾಮಾನು ನಮ್ಮದು, ಭಟ್ಟಿ ಅವರದು. ನಾವು ಮಕ್ಕಳು ಅಲ್ಲೇ ನಿಂತು ನಮ್ಮ ಮನೆಯ ಟ್ರೇ ಯಾವುದು ಅಂತ ಕಾಯುತ್ತಿದ್ದೆವು. ಬ್ರೆಡ್ ಸುಟ್ಟಾದ ಮೇಲೆ ಭಟ್ಟಿ ಸ್ವಲ್ಪ ಇಳಿದಾಗಲೇ ಬಿಸ್ಕತ್ತು ಒಳಗೆ ಹೋಗುತ್ತಿತ್ತು. ಉದ್ದನೆ ಕೋಲಿನ ಹಲಗೆಯಲ್ಲಿ ಟ್ರೇ ಎಳೆದು ಹೊರಗೆ ಹಾಕಿದಾಗ ಬರುವ ವಾಸನೆ ಇಡೀ ಓಣಿಗೆ ಗೊತ್ತಾಗುತ್ತಿತ್ತು.

ಆ ಇಳಿಯುವ ಬಿಸಿಯಲ್ಲೇ ಗುಟ್ಟು ಇದೆ ಅಂತ ನನಗೆ ಈಗ ಅನಿಸುತ್ತೆ. ಮನೆ ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) ನಾನು 170ಕ್ಕೆ ಕಾಯಿಸಿ, ಟ್ರೇ ಇಟ್ಟು ಐದಾರು ನಿಮಿಷಕ್ಕೆ 150ಕ್ಕೆ ಇಳಿಸುತ್ತೇನೆ. ಮೇಲೆ ಕೆಂಪಾಗಲ್ಲ, ಒಳಗೆ ಪೂರಾ ಬೇಯುತ್ತೆ.

ಡಾಲ್ಡಾ ಈಗ ನಾನು ಬಳಸಲ್ಲ. ಡಾಲ್ಡಾದಲ್ಲಿ ಬಿಸ್ಕತ್ತು ಗರಿಗರಿ ಬರೋದು ನಿಜ, ಬೇಸಿಗೆಗೂ ಗಟ್ಟಿ ಇರುತ್ತೆ. ಆದರೆ ಬಾಯಿಗೆ ಅಂಟುತ್ತೆ, ಪರಿಮಳ ಇಲ್ಲ. ಎಮ್ಮೆ ತುಪ್ಪ ಸಿಕ್ಕರೆ ಅದೇ ಹಾಕ್ರಿ, ಹಸುವಿನ ತುಪ್ಪಕ್ಕಿಂತ ಸ್ವಲ್ಪ ಗಟ್ಟಿ ನಿಲ್ಲುತ್ತೆ.

ಮಲೆನಾಡ ಮನೆ (ಸಾಗರ)

ಕಾವೇರಿತೀರ ಅವರೇ, ಗ್ರಾಂ ವಿಷಯಕ್ಕೆ ನನ್ನದೊಂದು ಆಕ್ಷೇಪ ಇದೆ. ಮೈದಾ ಒಂದೊಂದು ಅಂಗಡಿಯದು ಒಂದೊಂದು ಥರ. ಮಳೆಗಾಲದಲ್ಲಿ ನಮ್ಮಲ್ಲಿ ಹಿಟ್ಟೇ ತೇವ ಎಳೆದುಕೊಂಡಿರುತ್ತೆ. ಗ್ರಾಂ ಹಿಡಿದು ಹೋದರೆ ಒಂದು ದಿನ ಸರಿ, ಇನ್ನೊಂದು ದಿನ ತಪ್ಪು. ನಮ್ಮ ಅತ್ತೆ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಾರೆ. ಬೆರಳಚ್ಚು ಉಳಿಯಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು. ತಕ್ಕಡಿ ಅದನ್ನು ಹೇಳುತ್ತಾ? ಕೈ ಕಲಿಯಲಿ ಅಂತ ನನ್ನ ಅಭಿಪ್ರಾಯ.

ಕಾವೇರಿತೀರ

ಮಲೆನಾಡ ಮನೆ ಅವರೇ, ನೀವು ಹೇಳೋದು ಒಪ್ಪುವ ಮಾತು. ಆದರೆ ನಾನು ಇರೋದು ಮೈಸೂರಲ್ಲಿ, ತಂಗಿ ಇರೋದು ರಾಯಚೂರಲ್ಲಿ. ಅಮ್ಮನ ಪಕ್ಕ ನಿಂತು ವರ್ಷಗಟ್ಟಲೆ ನೋಡುವ ಅವಕಾಶ ಅವಳಿಗಿಲ್ಲ. ಅವಳಿಗೆ ಎಲ್ಲಿಂದ ಶುರು ಮಾಡಬೇಕು ಅಂತಾದರೂ ಗೊತ್ತಾಗಬೇಕು.

ಹಾಸನದ ಭಟ್ಟಿ

ಇಬ್ಬರದೂ ಸರಿ. ಗ್ರಾಂ ಶುರುಮಾಡೋಕೆ, ಕೈ ಸರಿಪಡಿಸೋಕೆ. ಬೇಕರಿಯಲ್ಲೂ ತೂಕ ಹಾಕಿಯೇ ಶುರು. ಆಮೇಲೆ ಹಿಟ್ಟು ಮುಟ್ಟಿ ನೋಡಿ ಒಂದು ಚಮಚ ತುಪ್ಪ ಹೆಚ್ಚು ಕಡಿಮೆ ಮಾಡೋದು ಇದ್ದೇ ಇರುತ್ತೆ.

ಕೈ ಅಳತೆ ಹಿಡಿಯೋಕೆ ಒಂದು ದಾರಿ ಹೇಳುತ್ತೇನೆ. ಅಮ್ಮನ ಕೈಗೆ ತಕ್ಕಡಿ ಕೊಡಬೇಡಿ, ಅಳತೆಯ ಕಪ್, ಚಮಚ ಕೊಡಬೇಡಿ. ಅವರು ಎಂದಿನ ಹಾಗೆ ಮಾಡಲಿ. ನೀವು ತುಪ್ಪದ ಡಬ್ಬಿಯನ್ನೇ ಡಿಜಿಟಲ್ ತಕ್ಕಡಿ ಮೇಲಿಟ್ಟು ಮೊದಲ ತೂಕ ಬರೆದುಕೊಳ್ಳಿ. ಅವರು ಬೇಕಾದಷ್ಟು ತೆಗೆಯಲಿ, ಮತ್ತೆ ಬೇಕು ಅನಿಸಿದರೆ ಮತ್ತೆ ತೆಗೆಯಲಿ. ಮುಗಿದ ಮೇಲೆ ಡಬ್ಬಿಯ ತೂಕ ಎಷ್ಟು ಇಳಿದಿದೆ ನೋಡಿ. ಅದೇ ನಿಮ್ಮ "ಹಿಡಿಯುವಷ್ಟು". ಮೈದಾ ಡಬ್ಬಿ, ಸಕ್ಕರೆ ಡಬ್ಬಿ, ಕಡಲೆಹಿಟ್ಟಿನ ಡಬ್ಬಿ ಎಲ್ಲಕ್ಕೂ ಹೀಗೇ. ಪಕ್ಕದಲ್ಲಿ ಯಾವ ತಿಂಗಳು, ತುಪ್ಪ ಹೇಗಿತ್ತು ಅಂತ ಬರೆದಿಡಿ. ಬೇರೆ ಹವೆಯಲ್ಲಿ ಇನ್ನೊಮ್ಮೆ ತೂಗಿದರೆ ಅಮ್ಮನ ಕೈ ತಿಂಗಳಿಗೆ ತಕ್ಕ ಹಾಗೆ ಎಷ್ಟು ಬದಲಾಗುತ್ತೆ ಅನ್ನೋದೂ ಕಾಣುತ್ತೆ. ಪಾವು ಅಂತ ಬರೆದಿದ್ದನ್ನು ನೆಟ್‌ನಲ್ಲಿ ಹುಡುಕಿ ಗ್ರಾಂ ಮಾಡಬೇಡಿ. ಮನೆಯಲ್ಲಿ ಆ ಹಳೇ ಪಾವು ಇದ್ದರೆ ಅದರಲ್ಲೇ ಮೈದಾ ತುಂಬಿ, ತಲೆ ಸವರಿ, ತೂಕ ಮಾಡಿ. ಒಂದೊಂದು ಊರಿನ ಪಾವು ಒಂದೊಂದು ಥರ ಇರುತ್ತೆ.

ಕುಡ್ಲ ಕುಸ್ವಾರ್

ಇದು ಬಹಳ ಒಳ್ಳೆ ಉಪಾಯ! ನಮ್ಮ ಮನೆಯಲ್ಲೂ ಮಾಡಬೇಕು.

ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಕುಸ್ವಾರ್ ಅಂತ ಮಾಡುತ್ತೇವೆ. ಒಂದೇ ತಿಂಡಿ ಅಲ್ಲ, ಒಂದು ತಟ್ಟೆ ತುಂಬ ಬಗೆಬಗೆ. ಕಿಡ್ಯೊ, ನೆವ್ರ್ಯೊ, ಕೊಕ್ಕಿಸಾಂ, ಗುಳಿಯೊ, ತುಕ್ಡಿ, ಜೊತೆಗೆ ನಾನ್‌ಕಟಾಯಿ, ಪ್ಲಮ್ ಕೇಕು. ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೆಲ್ಲ ತಟ್ಟೆ ಹೋಗುತ್ತೆ. ಡಿಸೆಂಬರ್ ಶುರುವಾದರೆ ಮನೆಯಲ್ಲಿ ದಿನಾ ಒಂದೊಂದು. ಬೇಗ ಮೆತ್ತಗಾಗುವಂಥದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ.

ಕಿಡ್ಯೊ ಮಕ್ಕಳ ಕೆಲಸ. ಸಣ್ಣ ಹಿಟ್ಟಿನ ಗೋಲಿ ತೆಗೆದು ಹೊಸ ಬಾಚಣಿಗೆಯ ಹಲ್ಲಿನ ಮೇಲೋ ಫೋರ್ಕ್ ಬೆನ್ನ ಮೇಲೋ ಒತ್ತಿ ಉರುಳಿಸೋದು. ಗೆರೆ ಬೀಳುತ್ತೆ, ಹಿಟ್ಟು ಸುರುಳಿ ಸುತ್ತುತ್ತೆ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಆ ಗೆರೆಗಳಲ್ಲಿ ಸಕ್ಕರೆ ಬೆಳ್ಳಗೆ ಕೂರುತ್ತೆ.

ಕೊಕ್ಕಿಸಾಂ ಅಂದರೆ ಬೇರೆ ಕಡೆ ರೋಸ್ ಕುಕ್ಕೀಸ್ ಅಂತಾರಲ್ಲ, ಅದು. ಓವನ್ ಬೇಡ, ಎಣ್ಣೆಯಲ್ಲಿ ಕರಿಯೋದು. ಹಿಟ್ಟಿಗೆ ಅಕ್ಕಿಹಿಟ್ಟು, ಮೈದಾ, ತೆಂಗಿನಹಾಲು, ಮೊಟ್ಟೆ, ಸಕ್ಕರೆ. ಕಷ್ಟ ಇರೋದು ಅಚ್ಚಿನಲ್ಲಿ. ಹೊಸ ಅಚ್ಚು ತಂದ ದಿನವೇ ಹಿಟ್ಟು ಬಿಡಲ್ಲ. ರಾತ್ರಿ ಇಡೀ ಎಣ್ಣೆಯಲ್ಲಿ ಮುಳುಗಿಸಿಡಿ. ಮರುದಿನ ಕಾದ ಎಣ್ಣೆಯೊಳಗೆ ಅಚ್ಚನ್ನೂ ಕಾಯಿಸಿ, ಎಣ್ಣೆ ಒಂದಿಷ್ಟು ಝಾಡಿಸಿ, ಹಿಟ್ಟಿಗೆ ಮುಕ್ಕಾಲು ಮಾತ್ರ ಅದ್ದಿ. ಮೇಲಿನ ಅಂಚು ಮುಳುಗಿದರೆ ಹಿಟ್ಟು ಸುತ್ತ ಕಚ್ಚಿಕೊಂಡು ಕಳಚಲ್ಲ. ಅಚ್ಚು ಹಿಟ್ಟಿಗೆ ತಾಗಿದಾಗ ಸಣ್ಣಗೆ ಚುರ್ ಅನ್ನಬೇಕು. ಸದ್ದೇ ಇಲ್ಲದಿದ್ದರೆ ಅಚ್ಚು ಕಾದಿಲ್ಲ, ಹಿಟ್ಟು ಹಿಡಿಯಲ್ಲ. ತುಂಬ ಕಾದಿದ್ದರೆ ಹಿಟ್ಟು ಬಟ್ಟಲಲ್ಲೇ ಬೆಂದು ಉದುರುತ್ತೆ. ಪ್ರತಿ ಸಲವೂ ಅಚ್ಚು ಮತ್ತೆ ಎಣ್ಣೆಗೆ ಹೋಗಿ ಕಾಯಬೇಕು. ಹಳೇ ಅಚ್ಚನ್ನು ಸೋಪು ಹಾಕಿ ಉಜ್ಜಬೇಡಿ, ಒರೆಸಿ ಇಡಿ ಸಾಕು. ನಮ್ಮಲ್ಲಿ ಅತ್ತೆಯ ಅಚ್ಚು ಸೊಸೆಗೆ ಬರುತ್ತೆ, ಅದಕ್ಕಾಗಿ ಕಾಯುವವರೂ ಇದ್ದಾರೆ.

ಕಾರವಾರ ಕಡಲು

ನಮ್ಮದು ಕಾರವಾರ, ಅಮ್ಮನ ತವರು ಗೋವಾ. ನಮ್ಮಲ್ಲಿ ಬೊಲಿನ್ಹಾ. ರವೆ ಮತ್ತು ತೆಂಗಿನಕಾಯಿಯ ಬಿಸ್ಕತ್ತು. ರವೆ 250 ಗ್ರಾಂ, ಸಕ್ಕರೆ 250 ಗ್ರಾಂ, ನುಣ್ಣಗೆ ರುಬ್ಬಿದ ಒಂದು ಕಾಯಿ, ಮೊಟ್ಟೆಯ ಹಳದಿ 3, ಒಂದು ಚಮಚ ಬೆಣ್ಣೆ, ಏಲಕ್ಕಿ. ಸಕ್ಕರೆಗೆ ಸ್ವಲ್ಪ ನೀರು ಹಾಕಿ ಪಾಕ ಬಂದಾಗ ಕಾಯಿ, ರವೆ, ಬೆಣ್ಣೆ ಹಾಕಿ ಕೆದಕಿ ಇಳಿಸೋದು. ರಾತ್ರಿ ಇಡೀ ಮುಚ್ಚಿಡಲೇಬೇಕು. ರವೆ ಕಾಯಿಯ ಹಾಲು ಕುಡಿದು ಅರಳಬೇಕು, ಇಲ್ಲದಿದ್ದರೆ ಕಲ್ಲಾಗುತ್ತೆ. ಬೆಳಿಗ್ಗೆ ಹಳದಿ, ಏಲಕ್ಕಿ ಸೇರಿಸಿ ಉಂಡೆ ಕಟ್ಟಿ, ಮೇಲೆ ಫೋರ್ಕಿನಿಂದ ಅಡ್ಡ ಉದ್ದ ಗೆರೆ ಹಾಕಿ 180 ಡಿಗ್ರಿಗೆ ಬೇಯಿಸಿ. ತಳ ಕೆಂಪಾದರೆ ಆಯ್ತು.

ತುಮಕೂರು ತೆಂಗು

ನಾವು ಮೊಟ್ಟೆ ತಿನ್ನಲ್ಲ. ಬೊಲಿನ್ಹಾ ಮೊಟ್ಟೆ ಇಲ್ಲದೆ ಬರುತ್ತಾ? ಮತ್ತೆ ನಮ್ಮ ಮನೆಯಲ್ಲಿ ಓಟಿಜಿ ಇಲ್ಲ, ಕುಕ್ಕರ್‌ನಲ್ಲಿ ನಾನ್‌ಕಟಾಯಿ ಮಾಡಬಹುದಾ?

ಕಾರವಾರ ಕಡಲು

ಮೊಟ್ಟೆ ಬದಲು ಎರಡು ಚಮಚ ಗಟ್ಟಿ ತೆಂಗಿನಹಾಲು ಹಾಕಿ ನೋಡಿ. ಬಣ್ಣ ಕಡಿಮೆ, ಸ್ವಲ್ಪ ಪುಡಿ ಪುಡಿ ಆಗುತ್ತೆ, ರುಚಿಗೆ ಏನೂ ಮೋಸ ಇಲ್ಲ.

ಧಾರವಾಡದ ಅಕ್ಕ

ಕುಕ್ಕರ್‌ನಲ್ಲಿ ಧಾರಾಳ ಆಗುತ್ತೆ. ಗ್ಯಾಸ್ಕೆಟ್, ವಿಷಲ್ ಎರಡೂ ತೆಗೆಯಿರಿ. ಅದು ಮುಖ್ಯ. ತಳಕ್ಕೆ ಒಂದೂವರೆ ಲೋಟ ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ, ನಡು ಉರಿಯಲ್ಲಿ 10 ನಿಮಿಷ ಕಾಯಿಸಿ. ಆಮೇಲೆ ತುಪ್ಪ ಸವರಿದ ತಟ್ಟೆಯಲ್ಲಿ ಉಂಡೆ ದೂರ ದೂರ ಇಟ್ಟು ಒಳಗಿಡಿ. ಸಣ್ಣ ಉರಿ, 20ರಿಂದ 25 ನಿಮಿಷ. ನೀರು ಹಾಕಲೇಬಾರದು. ಹಳೇ ದಪ್ಪ ತಳದ ಅಲ್ಯೂಮಿನಿಯಂ ಕುಕ್ಕರ್ ಇದ್ದರೆ ಅದನ್ನೇ ಇದಕ್ಕೆ ಇಟ್ಟುಬಿಡ್ರಿ. ಮೇಲೆ ಬಣ್ಣ ಬರಲ್ಲ, ತಳ ಮಾತ್ರ ಕೆಂಪಾಗುತ್ತೆ. ಬಣ್ಣಕ್ಕೆ ಕಾದು ಕೂತರೆ ತಳ ಸೀಯುತ್ತೆ.

ಮಿನ್ನೆಸೋಟ ಮನೆ

ನಾನು ಇಲ್ಲಿ ಅಮೆರಿಕಕ್ಕೆ ಬಂದ ಮೇಲೆ ಅಮ್ಮನ ನಾನ್‌ಕಟಾಯಿಯನ್ನು ಕ್ರಿಸ್‌ಮಸ್ ಸಮಯಕ್ಕೆ ಮಾಡುತ್ತೇನೆ. ಇಲ್ಲಿ ಡಿಸೆಂಬರ್‌ನಲ್ಲಿ ಕುಕ್ಕಿ ಎಕ್ಸ್‌ಚೇಂಜ್ ಅಂತ ಇಟ್ಟುಕೊಳ್ಳುತ್ತಾರೆ. ಒಬ್ಬೊಬ್ಬರು ತಮ್ಮ ಮನೆಯ ಒಂದು ಬಗೆ ಕೆಲವು ಡಜನ್ ಮಾಡಿ ತರೋದು, ಎಲ್ಲರದ್ದೂ ಸ್ವಲ್ಪ ಸ್ವಲ್ಪ ಮನೆಗೆ ಒಯ್ಯೋದು. ಜಿಂಜರ್‌ಬ್ರೆಡ್, ಸಕ್ಕರೆ ಕುಕ್ಕೀಸ್, ಒತ್ತು ಶಾವಿಗೆಯ ಒರಳಿನಂಥ ಅಚ್ಚಿನಲ್ಲಿ ಒತ್ತಿ ಮಾಡುವ ಸ್ಪ್ರಿಟ್ಸ್ ಬಿಸ್ಕತ್ತು ಇದ್ದೇ ಇರುತ್ತೆ. ಅಲ್ಲೂ ಅಜ್ಜಿಯ ಕಾರ್ಡಿನಲ್ಲಿ ಬರೆದ ಅಳತೆ ಅಂತಲೇ ಮಾತು. ಏಲಕ್ಕಿ ಅಂದರೆ ಇಲ್ಲಿಯ ಸ್ವೀಡಿಷ್, ನಾರ್ವೇಜಿಯನ್ ಮೂಲದವರಿಗೆ ಮೊದಲೇ ಗೊತ್ತು, ಅವರ ಹಬ್ಬದ ಬ್ರೆಡ್‌ಗೂ ಅದನ್ನೇ ಹಾಕುತ್ತಾರೆ. ಹಾಗಾಗಿ ನಾನ್‌ಕಟಾಯಿ ಬೇಗ ಖಾಲಿ.

ಹೊರದೇಶದವರಿಗೆ ಒಂದೆರಡು ಮಾತು. ಇಲ್ಲಿಯ ತೊಂದರೆ ಮೈಸೂರಿನದರ ಉಲ್ಟಾ. ಚಳಿಗೆ ತುಪ್ಪ ಕಲ್ಲಾಗಿರುತ್ತೆ, ಅಡುಗೆಮನೆಯಲ್ಲಿ ಒಂದು ಗಂಟೆ ಬಿಟ್ಟು ತಿಕ್ಕಿ. ಆಲ್ ಪರ್ಪಸ್ ಹಿಟ್ಟು ನಮ್ಮ ಮೈದಾಗಿಂತ ಗಡಸು, ಅದಕ್ಕೆ ಪ್ರತಿ ಕಪ್‌ಗೆ ಎರಡು ಚಮಚ ಹಿಟ್ಟು ತೆಗೆದು ಕಾರ್ನ್ ಸ್ಟಾರ್ಚ್ ಹಾಕುತ್ತೇನೆ. ಓವನ್ 325 ಫ್ಯಾರನ್‌ಹೀಟ್, ಅಂದರೆ ಸುಮಾರು 163 ಸೆಲ್ಸಿಯಸ್. ಇಲ್ಲಿಯ ಅಂಗಡಿ ಬೆಣ್ಣೆಯ ಒಂದು ಕಡ್ಡಿ (ಸ್ಟಿಕ್) 113 ಗ್ರಾಂ. ತುಪ್ಪ ಇಲ್ಲದಿದ್ದರೆ ಬರೀ ಬೆಣ್ಣೆ ಹಾಕಬಹುದಾ ಅಂತ ನನ್ನ ಗೆಳತಿಯರು ಕೇಳುತ್ತಾರೆ. ಹಾಸನದವರು ಏನಂತೀರಿ?

ಹಾಸನದ ಭಟ್ಟಿ

ಹಾಕಬಹುದು, ಆದರೆ ಅದು ಬೆಣ್ಣೆ ಬಿಸ್ಕತ್ತಾಗುತ್ತೆ, ನಾನ್‌ಕಟಾಯಿ ಆಗಲ್ಲ. ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ 80ರ ಆಸುಪಾಸು, ಉಳಿದದ್ದು ಹೆಚ್ಚಿನ ಪಾಲು ನೀರು. ತುಪ್ಪದಲ್ಲಿ ನೀರು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಆ ನೀರು ಮೈದಾಗೆ ಸೇರಿದರೆ ಹಿಟ್ಟಿಗೆ ಜಿಗುಟು ಬರುತ್ತೆ, ಬಿಸ್ಕತ್ತು ಕಟುಮ್ ಅನ್ನುತ್ತೆ. ನಾನ್‌ಕಟಾಯಿ ನಾಲಿಗೆ ಮೇಲೆ ಇಟ್ಟರೆ ಕರಗಬೇಕು. 150 ಗ್ರಾಂ ತುಪ್ಪದ ಕೊಬ್ಬಿಗೆ ಸುಮಾರು 185 ಗ್ರಾಂ ಬೆಣ್ಣೆ ಬೇಕು. ಅದರ ಬದಲು ಉಪ್ಪಿಲ್ಲದ ಬೆಣ್ಣೆ ತಂದು ಮನೆಯಲ್ಲೇ ತುಪ್ಪ ಕಾಯಿಸೋದು ಉತ್ತಮ.

ಹಿಟ್ಟು ನಾದಬೇಡಿ ಅನ್ನೋದೂ ಇದೇ ಕಾರಣಕ್ಕೆ. ಚಪಾತಿ ಹಿಟ್ಟಿನ ಹಾಗೆ ಅಂಗೈ ಒತ್ತಿ ನಾದಿದರೆ ಕೆಲಸ ಕೆಟ್ಟಿತು. ಬೆರಳ ತುದಿಯಲ್ಲಿ ಕೂಡಿಸಿ, ಒಟ್ಟಾದ ಕೂಡಲೇ ಬಿಟ್ಟುಬಿಡಿ.

ಕಾವೇರಿತೀರ

ಡಬ್ಬಿ ತೂಗಿದೆವು! ತಂಗಿ ಬಂದಿದ್ದಳು. ಅಮ್ಮ ಕುರ್ಚಿಯಲ್ಲಿ ಕೂತು ಮಾಡಿದರು. ಮಧ್ಯೆ ಅಮ್ಮ ತುಪ್ಪಕ್ಕೆ ಮತ್ತೆ ಮತ್ತೆ ಕೈ ಹಾಕಿದರು, ಕೊನೆಯಲ್ಲಿ ಬೆರಳಲ್ಲಿ ಅಂಟಿದ್ದನ್ನೂ ಹಿಟ್ಟಿಗೇ ಸವರಿದರು. ಉಪ್ಪು, ಪಿಸ್ತಾ ಬಿಟ್ಟು ಪುಸ್ತಕದಲ್ಲಿ ಇಲ್ಲದ ಇನ್ನೂ ಎರಡು ಸಾಮಾನು ಕಂಡವು. ಒಂದು ಚಿರೋಟಿ ರವೆ, ಇನ್ನೊಂದು ಒಂದು ಚಮಚ ಮೊಸರು. "ಅದನ್ನೆಲ್ಲ ಬರೀತಾರಾ, ಎಲ್ಲರೂ ಹಾಕ್ತಾರೆ" ಅಂದರು ಅಮ್ಮ. ನೋಡದೇ ಇದ್ದಿದ್ದರೆ ಅವು ಎರಡೂ ಹೋಗಿಬಿಡುತ್ತಿದ್ದವು.

ಲೆಕ್ಕ ಇಲ್ಲಿದೆ, ದುಂಡು ಮಾಡಿ ಹಾಕಿದ್ದೇನೆ. ಮೈದಾ 200 ಗ್ರಾಂ, ಕಡಲೆಹಿಟ್ಟು 50, ಚಿರೋಟಿ ರವೆ 25, ಸಕ್ಕರೆ ಪುಡಿ 120, ಗಟ್ಟಿ ತುಪ್ಪ 150, ಅಡುಗೆ ಸೋಡಾ ಕಾಲು ಟೀಚಮಚ, ಗಟ್ಟಿ ಮೊಸರು ಒಂದು ಚಮಚ, ಏಲಕ್ಕಿ ಪುಡಿ ಅರ್ಧ ಟೀಚಮಚ, ಒಂದು ಚಿಟಿಕೆ ಉಪ್ಪು. ತುಪ್ಪ ಸಕ್ಕರೆ ಬೆಳ್ಳಗಾಗುವ ತನಕ ತಿಕ್ಕಿ, ಮೊಸರಿಗೆ ಸೋಡಾ ಹಾಕಿ ಅದಕ್ಕೆ ಸೇರಿಸಿ, ಜರಡಿ ಹಿಡಿದ ಹಿಟ್ಟು ಎರಡು ಸಲಕ್ಕೆ ಹಾಕೋದು. ಒಂದೊಂದು ಉಂಡೆ 20 ಗ್ರಾಂ. ಮಧ್ಯೆ ಬೆರಳಿಂದ ಸ್ವಲ್ಪ ಒತ್ತಿ ಪಿಸ್ತಾ ಇಡೋದು. 160 ಡಿಗ್ರಿ, 18 ನಿಮಿಷ. ಹೊರಗೆ ತೆಗೆದಾಗ ಮೆತ್ತಗೇ ಇರುತ್ತೆ, ಮುಟ್ಟಬಾರದು. ಟ್ರೇಯಲ್ಲೇ ಆರಿದ ಮೇಲೆ ಗಟ್ಟಿ ಆಗುತ್ತೆ.

ಮಲೆನಾಡ ಮನೆ (ಸಾಗರ)

ಆ ಮೊಸರು, ರವೆ ಸಿಕ್ಕಿದ್ದು ನೋಡಿ ನನ್ನ ಮನಸ್ಸೂ ಬದಲಾಯಿತು. ಅತ್ತೆಯ ಕೈಯದ್ದನ್ನೂ ಹೀಗೆ ತೂಗಿ ಇಡುತ್ತೇನೆ. ನಮ್ಮಲ್ಲಿ ಸಂಕ್ರಾಂತಿ ಹೊತ್ತಿಗೆ ಬೆಲ್ಲ ಹೊಸದು ಬರುತ್ತೆ. ರಾಗಿ ಹಾಕಿ ಬೆಲ್ಲದ ಬಿಸ್ಕತ್ತು ಮಾಡುವವರು ಇದ್ದೀರಾ?

ತುಮಕೂರು ತೆಂಗು

ಇದಕ್ಕೆ ನಾನು ಹೇಳ್ತೀನಿ. ರಾಗಿಹಿಟ್ಟನ್ನು ಬಾಣಲೆಯಲ್ಲಿ ಘಮ್ ಅನ್ನುವ ತನಕ ಹುರಿದು ಆರಿಸಬೇಕು, ಇಲ್ಲದಿದ್ದರೆ ಹಸಿ ವಾಸನೆ. ರಾಗಿಗೆ ಅಂಟು ಇಲ್ಲ, ಸಮ ಗೋಧಿಹಿಟ್ಟು ಸೇರಿಸಿ. ಬೆಲ್ಲ ಪುಡಿ ಮಾಡಿ ಒಂದು ದಿನ ಒಣಗಿಸಿ, ಜರಡಿ ಹಿಡಿಯಿರಿ. ಬೆಲ್ಲ ತೇವ ಎಳೆಯುತ್ತೆ, ಹಾಗಾಗಿ ಸಕ್ಕರೆಯದ್ದಷ್ಟು ಗರಿಗರಿ ನಿರೀಕ್ಷೆ ಮಾಡಬೇಡಿ. ಬೇಗ ಕಪ್ಪಾಗುತ್ತೆ ಕೂಡ, 150 ಡಿಗ್ರಿ ದಾಟಿಸಬೇಡಿ. ನಮ್ಮ ಅಕ್ಕನ ಮನೆಯಲ್ಲಿ ಇದಕ್ಕೆ ಒಣ ಶುಂಠಿ, ಹುರಿದ ಎಳ್ಳು ಹಾಕಿ ಮಾಡುತ್ತಾರೆ, ಎಳ್ಳು ಬೀರೋ ಹಬ್ಬಕ್ಕೆ ಅದು ಚೆನ್ನಾಗಿ ಒಪ್ಪುತ್ತೆ.

ಮಿನ್ನೆಸೋಟ ಮನೆ

ಸೋಡಾ ಜಾಸ್ತಿ ಹಾಕಿದರೆ ಬಿರುಕು ಚೆನ್ನಾಗಿ ಬರುತ್ತೆ ಅಂತ ಕೆಲವರು ಹೇಳುತ್ತಾರೆ. ನಿಜವಾ?

ಹಾಸನದ ಭಟ್ಟಿ

ಬೇಡ. ಜಾಸ್ತಿ ಸೋಡಾಗೆ ಸೋಪಿನ ರುಚಿ ಬರುತ್ತೆ, ಬಣ್ಣ ಮಂಕಾಗುತ್ತೆ, ಹರಡೋದೂ ಹೆಚ್ಚು. ಬಿರುಕು ಬೇಕಾದರೆ ಉಂಡೆಯನ್ನು ತೀರಾ ನುಣ್ಣಗೆ ಉರುಳಿಸಬೇಡಿ, ಓವನ್ ಚೆನ್ನಾಗಿ ಕಾದಿರಲಿ. ಬೇಕರಿಗಳಲ್ಲಿ ಕೆಲವು ಬಿಸ್ಕತ್ತಿಗೆ ಉಬ್ಬೋಕೆ ಅಂತ ಅಮೋನಿಯ ಪುಡಿ ಹಾಕೋದುಂಟು. ತೆಳು ಬಿಸ್ಕತ್ತಲ್ಲಾದರೆ ಅದರ ವಾಸನೆ ಬೆಂದಾಗ ಪೂರಾ ಹೊರಟುಹೋಗುತ್ತೆ. ದಪ್ಪದ್ದರಲ್ಲಿ ಒಳಗೇ ಉಳಿಯುತ್ತೆ. ಮನೆಗೆ ಅದರ ಅವಶ್ಯಕತೆ ಇಲ್ಲ.

ರಾಯಚೂರು ತಂಗಿ

ನಾನೇ ಆ ತಂಗಿ. ಅಕ್ಕನ ಲೆಕ್ಕ ಹಿಡಿದು ಇಲ್ಲಿ ಮಾಡುತ್ತೇನೆ. ಹಾಸ್ಟೆಲ್‌ನಲ್ಲಿರೋ ಮಗನಿಗೆ ಪುಣೆಗೆ ಕಳಿಸಬೇಕು. ಕೊರಿಯರ್‌ನಲ್ಲಿ ಪುಡಿ ಆಗದ ಹಾಗೆ ಹೇಗೆ ಕಟ್ಟೋದು?

ಕುಡ್ಲ ಕುಸ್ವಾರ್

ನಾವು ದುಬೈಗೆ, ಮುಂಬೈಗೆ ಪ್ರತಿ ವರ್ಷ ಕಳಿಸುತ್ತೇವೆ. ಮೊದಲು ಬಿಸ್ಕತ್ತು ಪೂರ್ತಿ ಆರಲಿ, ಮಾಡಿದ ಮರುದಿನ ಕಟ್ಟಿ. ಬಿಸಿ ಇದ್ದರೆ ಒಳಗೆ ಬೆವರಿ ಮೆತ್ತಗಾಗುತ್ತೆ. ಗಟ್ಟಿ ಡಬ್ಬಿ ತಗೊಳ್ಳಿ, ಮಲಗಿಸಿ ಜೋಡಿಸಬೇಡಿ, ನಿಲ್ಲಿಸಿ ಜೋಡಿಸಿ. ಪ್ರತಿ ಸಾಲಿಗೂ ಬೆಣ್ಣೆ ಕಾಗದ. ಡಬ್ಬಿ ಅಲ್ಲಾಡಿಸಿದರೆ ಸದ್ದು ಬರಬಾರದು. ಖಾಲಿ ಉಳಿದ ಜಾಗಕ್ಕೆ ಕಾಗದ ಮುದುಡಿ ತುರುಕಿ. ಕಳಿಸೋದಕ್ಕೆ ಮಾಡುವಾಗ ಕಡಲೆಹಿಟ್ಟು 20 ಗ್ರಾಂ ಕಡಿಮೆ ಮಾಡಿ ಅಷ್ಟು ಮೈದಾ ಹೆಚ್ಚಿಸಿ, ಉಂಡೆ ಸ್ವಲ್ಪ ಸಣ್ಣದು ಮಾಡಿ. ಸಣ್ಣದು ಕಡಿಮೆ ಒಡೆಯುತ್ತೆ. ಅಲ್ಲಿಗೆ ತಲುಪಿದಾಗ ಮೆತ್ತಗಾಗಿದ್ದರೆ 150 ಡಿಗ್ರಿಗೆ ಐದು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿ. ಹಾಸ್ಟೆಲ್‌ನಲ್ಲಿ ಓವನ್ ಇರಲ್ಲ, ಹಾಗಾಗಿ ಸಣ್ಣ ಸಣ್ಣ ಎರಡು ಡಬ್ಬಿಯಲ್ಲಿ ಕಳಿಸಿ. ಒಂದು ಖಾಲಿ ಆಗುವ ತನಕ ಇನ್ನೊಂದನ್ನು ತೆಗೆಯಬೇಡ ಅಂತ ಹೇಳಿ.